ಯಾವ ಸ್ವರ ಶುದ್ಧ? ಮಲಾಡಿನ ಸ್ಟುಡಿಯೋದಿಂದ ವಿಜಯನಗರದ ವೀಣೆಯವರೆಗೆ

1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಬಾಂಬೆ ಟಾಕೀಸ್ ಕಂಪನಿ ಕಟ್ಟಿ ಮಲಾಡಿನಲ್ಲಿ ಸ್ಟುಡಿಯೋ ತೆರೆದಾಗ ಆ ಊರು ಇನ್ನೂ ಮುಂಬಯಿ ನಗರದ ಹೊರಗಿತ್ತು. ನಿರ್ದೇಶಕ ಫ್ರಾಂಜ್ ಓಸ್ಟೆನ್, ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಇಬ್ಬರೂ ಜರ್ಮನಿಯಿಂದ ಬಂದವರು. ಸಂಗೀತದ ಹೊಣೆ ಬಿದ್ದದ್ದು ಇಪ್ಪತ್ತರ ಹರೆಯದ ಒಬ್ಬ ಪಾರ್ಸಿ ಹೆಣ್ಣುಮಗಳ ಮೇಲೆ. ಅವರ ಹೆಸರು ಖುರ್ಶಿದ್ ಮಿನೋಚರ್ ಹೋಮ್ಜಿ. ಅವರೂ ಅವರ ಸೋದರಿ ಮಾಣೆಕ್ ಅವರೂ ಅದಕ್ಕೆ ಮೊದಲೇ ಮುಂಬಯಿ ರೇಡಿಯೋದಲ್ಲಿ ಹಾಡಿ ಹೆಸರಾದವರು. ಆದರೆ ಮನೆತನಸ್ಥ ಹೆಣ್ಣುಮಕ್ಕಳು ಸಿನಿಮಾಕ್ಕೆ ಕಾಲಿಡುವುದನ್ನು ಸಮಾಜ ಸಹಿಸುವ ಕಾಲ ಅದಾಗಿರಲಿಲ್ಲ. 1935ರ ‘ಜವಾನಿ ಕೀ ಹವಾ’ ಚಿತ್ರದ ಹೊತ್ತಿಗೆ ಪಾರ್ಸಿ ಸಮಾಜದೊಳಗೆ ಪ್ರತಿಭಟನೆ ಎದ್ದಿತು. ಖುರ್ಶಿದ್ ಸರಸ್ವತಿ ದೇವಿಯಾದರು, ಮಾಣೆಕ್ ಚಂದ್ರಪ್ರಭಾ ಆದರು. ಹಿಂದಿ ಚಿತ್ರರಂಗದ ಮೊದಲ ಸಂಗೀತ ನಿರ್ದೇಶಕಿಯರಲ್ಲಿ ಒಬ್ಬರೆಂದು ಇಂದು ನೆನೆಯುವುದು ಈ ಸರಸ್ವತಿ ದೇವಿಯನ್ನೇ.

ಅವರು ಶಾಸ್ತ್ರೀಯ ಸಂಗೀತ ಕಲಿತದ್ದು ವಿಷ್ಣು ನಾರಾಯಣ ಭಾತಖಂಡೆಯವರಲ್ಲಿ. ಹಾಗಾಗಿ ಅವರ ಜೊತೆ ಮಲಾಡಿಗೆ ಒಂದು ನಕ್ಷೆಯೂ ಬಂತು. ಭಾತಖಂಡೆಯವರು ಹಿಂದೂಸ್ತಾನಿ ಸಂಗೀತಕ್ಕೆ ಬರೆದ ಹತ್ತು ಥಾಟ್‌ಗಳ ನಕ್ಷೆ ಅದು. ಅದರಲ್ಲಿ ಬುನಾದಿಯ ಜಾಗದಲ್ಲಿ ನಿಂತಿರುವುದು ಬಿಲಾವಲ್. ಪಾಶ್ಚಾತ್ಯರು ಮೇಜರ್ ಸ್ಕೇಲ್ ಎನ್ನುವುದಕ್ಕೂ ಬಿಲಾವಲಿಗೂ ಸ್ವರಸ್ಥಾನಗಳಲ್ಲಿ ವ್ಯತ್ಯಾಸವಿಲ್ಲ. ನಮ್ಮ ಕಡೆ ಅದೇ ಧೀರಶಂಕರಾಭರಣ. ಹತ್ತು ಥಾಟ್‌ಗಳಲ್ಲಿ ಆರು ಆ ಒಂದೇ ಸಾಲನ್ನು ಬೇರೆ ಬೇರೆ ಮೆಟ್ಟಿಲಿನಿಂದ ಶುರುಮಾಡಿದರೆ ಸಿಗುವಂಥವು. ಹಾಗಾದರೆ ಮೇಜರ್ ಸ್ಕೇಲ್ ತಾಯಿ, ಉಳಿದವು ಮಕ್ಕಳು ಎನ್ನಬಹುದೇ? ನಾಲ್ಕು ಶತಮಾನಗಳಿಂದ ಪಂಡಿತರು ಸುತ್ತಿ ಬಳಸಿ ಕೇಳಿಕೊಂಡು ಬಂದ ಪ್ರಶ್ನೆ ಇದು. ಅದಕ್ಕೆ ಸಿಕ್ಕ ಉತ್ತರಗಳಲ್ಲಿ ಕನ್ನಡ ನಾಡಿನ ಪಾಲು ಸಣ್ಣದಲ್ಲ.

ಬಿಳಿ ಮನೆಗಳ ಲೆಕ್ಕ

ಯಕ್ಷಗಾನದ ಭಾಗವತರು ತಮ್ಮ ಶ್ರುತಿಯನ್ನು ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂದು ಹೇಳುವುದುಂಟು. ಹಾರ್ಮೋನಿಯಂನ ಮನೆಗಳಿಂದ ಬಂದ ಮಾತು. ಈ ಲೆಕ್ಕವನ್ನೂ ಅದೇ ಮಾತಿನಲ್ಲಿ ಹೇಳಿದರೆ ಸುಲಭ.

ಬಿಳಿ ಒಂದನ್ನು ಸಾ ಮಾಡಿಕೊಂಡು ಬರಿಯ ಬಿಳಿ ಮನೆಗಳಲ್ಲೇ ಮೇಲಕ್ಕೆ ಹೋದರೆ ಬಿಲಾವಲ್. ಮನೆಯಿಂದ ಮನೆಗೆ ಇರುವ ದೂರವನ್ನು ಅರ್ಧಸ್ವರಗಳಲ್ಲಿ ಎಣಿಸಿದರೆ ಎರಡು, ಎರಡು, ಒಂದು; ಎರಡು; ಎರಡು, ಎರಡು, ಒಂದು. ಮೇಜರ್ ಸ್ಕೇಲಿನ ಇಡೀ ಗುಟ್ಟು ಈ ಸಾಲಿನಲ್ಲಿದೆ. ಈಗ ಮನೆಗಳನ್ನು ಬದಲಿಸದೆ ಬಿಳಿ ಎರಡನ್ನು ಸಾ ಮಾಡಿಕೊಂಡರೆ ಗ ಮತ್ತು ನಿ ಕೋಮಲವಾಗುತ್ತವೆ. ಅದು ಕಾಫಿ ಥಾಟ್, ನಮ್ಮ ಖರಹರಪ್ರಿಯ, ಪಾಶ್ಚಾತ್ಯರ ಡೋರಿಯನ್ ಮೋಡ್. ಬಿಳಿ ಮೂರರಿಂದ ಹೊರಟರೆ ಭೈರವಿ ಥಾಟ್, ನಮ್ಮ ಹನುಮತೋಡಿ, ಅವರ ಫ್ರಿಜಿಯನ್. ನಾಲ್ಕರಿಂದ ಕಲ್ಯಾಣ್, ಅಂದರೆ ಮೇಚಕಲ್ಯಾಣಿ, ಲಿಡಿಯನ್. ಐದರಿಂದ ಖಮಾಜ್, ಅಂದರೆ ಹರಿಕಾಂಭೋಜಿ, ಮಿಕ್ಸೋಲಿಡಿಯನ್. ಆರರಿಂದ ಆಸಾವರಿ, ಅಂದರೆ ನಠಭೈರವಿ, ಇಯೋಲಿಯನ್. ಏಳರಿಂದ ಹೊರಟರೆ ಎರಡೂ ಮಧ್ಯಮಗಳು ಸಿಗುತ್ತವೆ, ಪಂಚಮ ಸಿಗುವುದಿಲ್ಲ. ಪಾಶ್ಚಾತ್ಯರು ಅದಕ್ಕೂ ಲೋಕ್ರಿಯನ್ ಎಂದು ಹೆಸರಿಟ್ಟಿದ್ದಾರೆ. ನಮ್ಮ ಮೇಳಗಳಲ್ಲಾಗಲಿ ಥಾಟ್‌ಗಳಲ್ಲಾಗಲಿ ಅದಕ್ಕೆ ಜಾಗವಿಲ್ಲ, ಏಕೆಂದರೆ ನಮ್ಮಲ್ಲಿ ಪಂಚಮವಿಲ್ಲದ ಮೇಳವೇ ಇಲ್ಲ.

ಕರ್ನಾಟಕ ಸಂಗೀತಗಾರರು ಇದನ್ನು ಗ್ರಹಭೇದ ಎನ್ನುತ್ತಾರೆ. ಆಲಾಪನೆಯ ನಡುವೆ ಇನ್ನೊಂದು ಸ್ವರವನ್ನು ಗಳಿಗೆಮಟ್ಟಿಗೆ ಷಡ್ಜ ಮಾಡಿಕೊಂಡು ಬೇರೊಂದು ರಾಗದ ನೆರಳು ತೋರಿಸಿ, ಮತ್ತೆ ಮನೆಗೆ ಮರಳುವ ಆಟ. ಮೋಹನದಲ್ಲಿ ರಿಯನ್ನು ಸಾ ಮಾಡಿಕೊಂಡರೆ ಮಧ್ಯಮಾವತಿ, ಗವನ್ನು ಮಾಡಿಕೊಂಡರೆ ಹಿಂದೋಳ. ಆಟದ ಸೊಗಸು ಅದು ಆಟವೆಂಬುದು ಕೇಳುಗನಿಗೆ ಗೊತ್ತಿರುವುದರಲ್ಲಿದೆ. ಹಿಂದೆ ತಂಬೂರಿ ಹಳೆಯ ಸಾವನ್ನೇ ಮೀಟುತ್ತಿರುತ್ತದೆ.

ಈ ತಿರುಗಾಟ ಹೊಸದಲ್ಲ. ನಾಟ್ಯಶಾಸ್ತ್ರದ ಮೂರ್ಛನೆಗಳು ಇದೇ ತತ್ತ್ವದವು. ಷಡ್ಜಗ್ರಾಮ, ಮಧ್ಯಮಗ್ರಾಮ ಎಂಬ ಎರಡು ಸ್ವರಸಾಲುಗಳು. ಒಂದೊಂದನ್ನೂ ಏಳು ಸ್ವರಗಳಿಂದ ಆರಂಭಿಸಿದರೆ ಒಟ್ಟು ಹದಿನಾಲ್ಕು ಮೂರ್ಛನೆಗಳು. ಗ್ರಾಮ ಎರಡೇಕೆ ಬೇಕಾಯಿತು ಎನ್ನುವುದು ಇಲ್ಲಿ ಮುಖ್ಯ. ಎರಡಕ್ಕೂ ಇರುವ ವ್ಯತ್ಯಾಸ ಪಂಚಮದಲ್ಲಿ, ಅದೂ ಒಂದೇ ಒಂದು ಶ್ರುತಿಯಷ್ಟು. ಹಾರ್ಮೋನಿಯಂನಲ್ಲಿ ಹನ್ನೆರಡು ಮನೆಗಳನ್ನೂ ಸಮದೂರಕ್ಕೆ ಕೂಡಿಸಿರುವುದರಿಂದ ಎಲ್ಲಿಂದ ಹೊರಟರೂ ಲೆಕ್ಕ ಕೂಡುತ್ತದೆ. ತಂಬೂರಿಗೆ ಹೊಂದಿಸಿಕೊಂಡ ಕಂಠದಲ್ಲಿ ಹಾಗೆ ಕೂಡದು. ಸಾದಿಂದ ಪಕ್ಕೆ 3:2ರ ಅನುಪಾತವಿದ್ದರೆ, ಬಿಲಾವಲಿನ ಶುದ್ಧ ರಿಯಿಂದ ದಕ್ಕೆ ಬರುವುದು 40:27, ಕೂದಲೆಳೆಯಷ್ಟು ಕಡಿಮೆ. ಬಿಲಾವಲನ್ನು ರಿಯಿಂದ ತಿರುಗಿಸಿದಾಗ ಸಿಗುವ ಕಾಫಿಯ ಪಂಚಮ ಆ ಕೂದಲೆಳೆಯಷ್ಟು ಅಪಶ್ರುತಿ. ಹಳಬರು ಪ್ರಮಾಣಶ್ರುತಿ ಎಂದು ಹೆಸರಿಸಿ ಲೆಕ್ಕಕ್ಕೆ ತೆಗೆದುಕೊಂಡ ಅಂತರವನ್ನು ಹಾರ್ಮೋನಿಯಂ ಹನ್ನೆರಡು ಮನೆಗಳಿಗೂ ಹಂಚಿ ಮರೆಸಿಬಿಟ್ಟಿದೆ.

1547 ಮತ್ತು 1550

1547ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಹೈನ್ರಿಖ್ ಗ್ಲಾರಿಯನ್ ಎಂಬ ವಿದ್ವಾಂಸ ‘ಡೋಡೆಕಾಕಾರ್ಡನ್’ ಎಂಬ ಗ್ರಂಥ ಪ್ರಕಟಿಸಿದ. ಆವರೆಗೆ ಯುರೋಪಿನ ಚರ್ಚುಗಳು ಎಂಟು ಮೋಡ್‌ಗಳನ್ನು ಒಪ್ಪಿಕೊಂಡಿದ್ದವು. ಇಂದು ಮೇಜರ್ ಸ್ಕೇಲ್ ಎನ್ನುವ ಸಾಲಿಗೆ ಆ ಎಂಟರಲ್ಲಿ ಸ್ವಂತ ಸ್ಥಾನವೇ ಇರಲಿಲ್ಲ. ಗ್ಲಾರಿಯನ್ ಅದಕ್ಕೆ ಅಯೋನಿಯನ್ ಎಂದೂ ಇಂದಿನ ಮೈನರ್ ಸಾಲಿಗೆ ಇಯೋಲಿಯನ್ ಎಂದೂ ಹೆಸರಿಟ್ಟು, ಎರಡಕ್ಕೂ ಜೋಡಿ ರೂಪ ಕೂಡಿಸಿ ಒಟ್ಟು ಹನ್ನೆರಡು ಮಾಡಿದ. ಜನ ಹೆಚ್ಚಾಗಿ ಹಾಡುವುದೇ ಅಯೋನಿಯನ್ ಎಂಬುದು ಅವನ ವಾದ. ಮೇಜರ್ ಸ್ಕೇಲ್ ಯುರೋಪಿನಲ್ಲೂ ಹೀಗೆ ಹಿಂಬಾಗಿಲಿನಿಂದ ಒಳಗೆ ಬಂದದ್ದು. ಯಜಮಾನಿಕೆ ಸಿಕ್ಕಿದ್ದು ಆಮೇಲೆ. ಡೋರಿಯನ್ನು, ಫ್ರಿಜಿಯನ್ನು ಹುಟ್ಟಿದಾಗ ಅವನ್ನು ಯಾರೂ ಮೇಜರ್ ಸ್ಕೇಲಿನ ಮಕ್ಕಳೆಂದು ಕರೆದಿರಲಿಲ್ಲ.

ಮೂರು ವರ್ಷಗಳ ನಂತರ, 1550ರಲ್ಲಿ, ವಿಜಯನಗರದಲ್ಲಿ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ಯನ್ನು ಮುಗಿಸಿದ. ಬರೆಸಿದವನು ರಾಮರಾಯ. ಹಾಡುವ ರಾಗಗಳಿಗೂ ಓದುವ ಶಾಸ್ತ್ರಕ್ಕೂ ತಾಳೆಯಾಗದ ಹೊತ್ತಿನಲ್ಲಿ ಎರಡನ್ನೂ ಕೂಡಿಸುವ ಕೆಲಸ ಅವನದು. ಗ್ಲಾರಿಯನ್ ಮಾಡುತ್ತಿದ್ದದ್ದೂ ಅದನ್ನೇ. ಆದರೆ ಇಬ್ಬರೂ ಹಿಡಿದ ದಾರಿ ಬೇರೆ. ಗ್ಲಾರಿಯನ್‌ನಲ್ಲಿ ಸ್ವರಸಾಲು ಒಂದೇ, ಅದು ನಿಂತು ಮುಗಿಯುವ ಸ್ವರ ಬದಲಾಗುತ್ತದೆ. ರಾಮಾಮಾತ್ಯನಲ್ಲಿ ಸಾ ಅಲುಗುವುದಿಲ್ಲ, ಉಳಿದ ಸ್ವರಗಳು ಏರಿಳಿಯುತ್ತವೆ. ಅವನ ಕಣ್ಣ ಮುಂದಿದ್ದದ್ದು ಮೆಟ್ಟಿಲುಗಳನ್ನು ಕೂರಿಸಿದ ವೀಣೆ. ಒಂದೇ ತಂತಿಯ ಮೇಲೆ, ಒಂದೇ ಸಾದಿಂದ, ಎಲ್ಲ ರಾಗಗಳನ್ನೂ ನುಡಿಸುವುದು ಹೇಗೆ ಎನ್ನುವುದು ಅವನ ಪ್ರಶ್ನೆ. ಅಲ್ಲಿಗೆ ಮೂರ್ಛನೆಯ ಕಾಲ ಮುಗಿದು ಮೇಳದ ಕಾಲ ಬಂದಿತ್ತು. ಅವನು ಎಣಿಸಿದ್ದು ಇಪ್ಪತ್ತು ಮೇಳಗಳು. ಶುದ್ಧ ಸ್ವರಗಳಷ್ಟೇ ಇರುವ ಮೇಳ ಅವನಿಗೆ ಮುಖಾರಿ. ಪ್ರತಿ ಸ್ವರದ ಅತಿ ಕೆಳಗಿನ ಸ್ಥಾನವೇ ‘ಶುದ್ಧ’.

ಇದೇ ಶತಮಾನದಲ್ಲಿ ಇನ್ನೊಬ್ಬ ಕನ್ನಡಿಗ ಉತ್ತರಕ್ಕೆ ಹೊರಟ. ಶಿವಗಂಗೆ ಬೆಟ್ಟದ ಸೀಮೆಯ ಸಾತನೂರಿನ ಪುಂಡರೀಕ ವಿಠ್ಠಲ ಖಾನದೇಶದ ಫಾರೂಕಿ ದೊರೆಯ ಆಶ್ರಯದಲ್ಲಿ ‘ಸದ್ರಾಗಚಂದ್ರೋದಯ’ ಬರೆದ. ಮುಂದೆ ಕಛವಾಹ ರಜಪೂತರ ಆಸರೆಯಲ್ಲಿ ಉತ್ತರದ ರಾಗಗಳನ್ನೂ ಮೇಳಗಳಲ್ಲಿ ಜೋಡಿಸಿದ. ದಕ್ಷಿಣದ ವೀಣೆಯ ಲೆಕ್ಕ ಉತ್ತರದ ದರ್ಬಾರುಗಳಿಗೆ ಹೋದ ದಾರಿಗಳಲ್ಲಿ ಇದು ದೊಡ್ಡದು. ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನಲ್ಲಿ ಕನ್ನಡ ಮನೆತನದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ ಲೆಕ್ಕವನ್ನು ಕೊನೆಮುಟ್ಟಿಸಿದ. ಪೂರ್ವಾಂಗದಲ್ಲಿ ಆರು ಬಗೆ, ಉತ್ತರಾಂಗದಲ್ಲಿ ಆರು ಬಗೆ, ಮಧ್ಯಮ ಎರಡು. ಆರಾರಲ ಮೂವತ್ತಾರು, ಅದರ ಇಮ್ಮಡಿ ಎಪ್ಪತ್ತೆರಡು. ತನ್ನ ಕಾಲದಲ್ಲಿ ಬಳಕೆಯಲ್ಲಿದ್ದವು ಹತ್ತೊಂಬತ್ತೇ ಎಂಬುದನ್ನೂ ಅವನು ಮುಚ್ಚಿಡಲಿಲ್ಲ. ಈ ಎಪ್ಪತ್ತೆರಡರ ಪಟ್ಟಿಯಲ್ಲಿ ಮೇಜರ್ ಸ್ಕೇಲಿಗೆ ಸಿಕ್ಕಿದ್ದು 29ನೆಯ ಸ್ಥಾನ, ಹಿಂದಿನ ಮುಂದಿನವುಗಳಿಗಿಂತ ಹೆಚ್ಚಿನ ಮಾನವೇನೂ ಇಲ್ಲದೆ.

ವಾಲ್ಕೇಶ್ವರದ ವಕೀಲರು

ಭಾತಖಂಡೆ ಹುಟ್ಟಿದ್ದು 1860ರಲ್ಲಿ, ಮುಂಬಯಿಯ ವಾಲ್ಕೇಶ್ವರದಲ್ಲಿ. ಓದಿದ್ದು ಕಾನೂನು. ಸಂಗೀತದ ಮನೆಗೆ ಅವರನ್ನು ಒಳಗೆ ಬಿಟ್ಟುಕೊಂಡದ್ದು ಪಾರ್ಸಿಗಳು 1870ರಲ್ಲಿ ಕಟ್ಟಿದ ಗಾಯನ ಉತ್ತೇಜಕ ಮಂಡಳಿ. ಅಲ್ಲಿ ಅವರು ನೂರಾರು ಧ್ರುಪದ, ಖ್ಯಾಲುಗಳನ್ನು ಕಲಿತರು. ಆರು ದಶಕಗಳ ನಂತರ ಅವರ ಪಾರ್ಸಿ ಶಿಷ್ಯೆ ಸಿನಿಮಾಕ್ಕೆ ಹೋದಾಗ ಅದೇ ಸಮಾಜದಿಂದ ವಿರೋಧ ಬಂದದ್ದು ವಿಚಿತ್ರ.

1904ರಲ್ಲಿ ಭಾತಖಂಡೆ ದಕ್ಷಿಣಕ್ಕೆ ಪ್ರವಾಸ ಹೊರಟರು. ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನು ಕಂಡು ‘ಚತುರ್ದಂಡೀಪ್ರಕಾಶಿಕೆ’ಯ ಪ್ರತಿ ಪಡೆದರು. ರಾಮಾಮಾತ್ಯ, ಪುಂಡರೀಕ ವಿಠ್ಠಲರ ಗ್ರಂಥಗಳನ್ನೂ ಹುಡುಕಿ ಓದಿದರು. ಉತ್ತರದ ಉಸ್ತಾದರ ಬಾಯಲ್ಲಿದ್ದ ರಾಗಗಳಿಗೆ ಒಂದು ಕ್ರಮ ಬೇಕೆಂದು ಹುಡುಕುತ್ತಿದ್ದವರಿಗೆ ವೆಂಕಟಮಖಿಯ ಮೇಳದಲ್ಲಿ ದಾರಿ ಕಂಡಿತು. ಎಪ್ಪತ್ತೆರಡೂ ಅವರಿಗೆ ಬೇಕಿರಲಿಲ್ಲ. ಹಿಂದೂಸ್ತಾನಿ ಪದ್ಧತಿಯಂತೆ ಐದು ಸ್ವರಗಳಿಗೆ ಎರಡೆರಡು ರೂಪ ಹಿಡಿದರೆ 32 ಸಾಲುಗಳಾಗುತ್ತವೆ. ಅದರಲ್ಲಿ ಹತ್ತನ್ನು ಆರಿಸಿ ಬಳಕೆಯ ರಾಗಗಳನ್ನೆಲ್ಲ ಅವುಗಳಡಿ ಹಂಚಿದರು.

ಬಿಲಾವಲನ್ನು ಶುದ್ಧ ಸಾಲೆಂದು ಹಿಡಿದದ್ದು ಅವರ ಸ್ವಂತ ಕಲ್ಪನೆಯಲ್ಲ. ಇಂಗ್ಲಿಷರ ಪಿಯಾನೋ ನೋಡಿ ಎತ್ತಿಕೊಂಡದ್ದೂ ಅಲ್ಲ. ಹದಿನೇಳನೆಯ ಶತಮಾನದ ‘ಸಂಗೀತ ಪಾರಿಜಾತ’ದಲ್ಲಿ ಅಹೋಬಲ ತಂತಿಯ ಉದ್ದ ಅಳೆದು ಹೇಳಿದ ಶುದ್ಧ ಸಾಲು ಇಂದಿನ ಕಾಫಿಯಂಥದು. ಮುಂದೆ ಬಳಕೆ ಬದಲಾಯಿತು. 1813ರಲ್ಲಿ ಪಾಟ್ನಾದ ಮುಹಮ್ಮದ್ ರಜಾ ‘ನಗ್‌ಮಾತೆ ಆಸಫಿ’ಯಲ್ಲಿ ಬಿಲಾವಲನ್ನೇ ಶುದ್ಧವೆಂದು ಬರೆದ. ಭಾತಖಂಡೆ ಇದಕ್ಕೆ ಶಾಸ್ತ್ರದ ಮುದ್ರೆ ಒತ್ತಿದರು, ಅಚ್ಚಿನ ಪುಸ್ತಕದಲ್ಲಿ ಹಾಕಿದರು, 1926ರಲ್ಲಿ ಲಖನೌದ ಮ್ಯಾರಿಸ್ ಕಾಲೇಜಿನಲ್ಲಿ ಪಾಠವಾಗಿಸಿದರು. ಅಷ್ಟರಲ್ಲಿ ಮನೆಮನೆಗೆ ಹಾರ್ಮೋನಿಯಂ ಬಂದಿತ್ತು. ಬಿಳಿ ಮನೆಗಳ ಸಾಲೂ ಪುಸ್ತಕದ ಶುದ್ಧ ಸಾಲೂ ಒಂದಕ್ಕೊಂದು ಸಾಕ್ಷಿ ಹೇಳುವಂತಾಯಿತು.

ಇದರಿಂದ ಲಾಭವಾಯಿತು. ಘರಾಣೆಗಳ ಬಾಗಿಲು ತಟ್ಟಲಾಗದವರೂ ಪುಸ್ತಕ ಹಿಡಿದು ಕಲಿಯುವಂತಾದರು. ಸರಸ್ವತಿ ದೇವಿಯ ತಲೆಮಾರಿನ ಹೆಣ್ಣುಮಕ್ಕಳಿಗೆ ಸಂಗೀತ ಸುಲಭವಾಗಿ ಸಿಕ್ಕಿದ್ದರಲ್ಲಿ ಇದರ ಪಾಲಿದೆ. ನಷ್ಟವಿದ್ದದ್ದು ‘ಶುದ್ಧ’ ಎಂಬ ಪದದಲ್ಲಿ. ಒಂದು ಸಾಲನ್ನು ಶುದ್ಧವೆಂದರೆ ಉಳಿದವೆಲ್ಲ ವಿಕೃತ ಆಗುತ್ತವೆ. ಶಾಸ್ತ್ರದಲ್ಲಿ ವಿಕೃತ ಎಂದರೆ ಜಾಗ ಬದಲಿಸಿದ ಸ್ವರ, ಅಷ್ಟೆ. ಆದರೂ ಕಲಿಯುವ ಮಗುವಿನ ಕಿವಿಗೆ ಕಾಫಿ ಎಂದರೆ ಗ, ನಿ ಇಳಿಸಿದ ಬಿಲಾವಲ್ ಎಂದೇ ಬೀಳುತ್ತದೆ.

ಥಾಟ್ ರಾಗವಲ್ಲ ಎಂಬುದು ಭಾತಖಂಡೆಯವರಿಗೂ ಗೊತ್ತಿತ್ತು. ಭೂಪಾಲಿಗೂ ದೇಶಕಾರಕ್ಕೂ ಇರುವುದು ಅದೇ ಐದು ಸ್ವರಗಳು: ಸಾ ರಿ ಗ ಪ ದ. ಆದರೆ ಭೂಪಾಲಿ ಕಲ್ಯಾಣ್ ಥಾಟಿನದು, ದೇಶಕಾರ ಬಿಲಾವಲಿನದು. ಅದೇ ಐದು ಸ್ವರಗಳ ಮೋಹನವನ್ನು ದಕ್ಷಿಣದವರು ಹರಿಕಾಂಭೋಜಿಯ ಜನ್ಯವೆನ್ನುತ್ತಾರೆ. ರಾಗ ಯಾವ ಸ್ವರದ ಮೇಲೆ ಒರಗುತ್ತದೆ, ಎಲ್ಲಿಂದ ಏಳುತ್ತದೆ, ಯಾವ ಸ್ವರವನ್ನು ಮುಟ್ಟಿಯೂ ಮುಟ್ಟದಂತೆ ದಾಟುತ್ತದೆ ಎಂಬುದು ಸ್ವರಗಳ ಪಟ್ಟಿಯಲ್ಲಿ ಕಾಣುವುದಿಲ್ಲ. 1792ರಲ್ಲಿ ಅಚ್ಚಾದ ಪ್ರಬಂಧದಲ್ಲಿ ವಿಲಿಯಂ ಜೋನ್ಸ್ ನಮ್ಮ ರಾಗಗಳನ್ನು ‘ಮೋಡ್‌ಗಳು’ ಎಂದು ಕರೆದ. ಆ ಪದ ಮೇಳಕ್ಕೆ ಹೊಂದುವಷ್ಟು ರಾಗಕ್ಕೆ ಹೊಂದುವುದಿಲ್ಲ.

ಎರಡು ಶುದ್ಧಗಳ ನಾಡು

ಇದರ ಬಿಸಿ ಹೆಚ್ಚು ತಟ್ಟಿದ್ದು ಕನ್ನಡಿಗರಿಗೆ. ಒಂದೇ ನಾಡಿನೊಳಗೆ ಧಾರವಾಡದ ಹಿಂದೂಸ್ತಾನಿಯೂ ಮೈಸೂರಿನ ಕರ್ನಾಟಕ ಸಂಗೀತವೂ ಮನೆಮಾತಾಗಿರುವಾಗ, ಒಂದೇ ಹೆಸರಿಗೆ ಎರಡು ನಾದ. ಧಾರವಾಡದ ಶುದ್ಧ ರಿಷಭ ಮೈಸೂರಿನಲ್ಲಿ ಚತುಶ್ರುತಿ ರಿಷಭ. ಮೈಸೂರಿನ ಶುದ್ಧ ರಿಷಭ ಧಾರವಾಡದಲ್ಲಿ ಕೋಮಲ. ಮೈಸೂರಿನ ಶುದ್ಧ ಗಾಂಧಾರವನ್ನು ಹಾರ್ಮೋನಿಯಂನಲ್ಲಿ ಒತ್ತಿದರೆ ಧಾರವಾಡದವರಿಗೆ ಅದು ರಿ. ಅತ್ತಲಿನ ಭೈರವಿ ಥಾಟಿನ ಸ್ವರಗಳು ಇತ್ತ ತೋಡಿಯವು; ಅತ್ತಲಿನ ತೋಡಿಯವು ಇತ್ತ ಶುಭಪಂತುವರಾಳಿ. ಎರಡೂ ಕಡೆ ಒಂದೇ ಅರ್ಥ ಕೊಡುವುದು ಸಾ, ಪ ಬಿಟ್ಟರೆ ಶುದ್ಧ ಮಧ್ಯಮವೊಂದೇ. ರಾಮಾಮಾತ್ಯನ ‘ಶುದ್ಧ’ ವೀಣೆಯ ಕೆಳಗಿನ ಮೆಟ್ಟಿಲು. ಭಾತಖಂಡೆಯವರ ‘ಶುದ್ಧ’ ಬಿಲಾವಲಿನ ಸ್ವರ. ಎರಡು ಕಾಲದ ಎರಡು ತೀರ್ಮಾನಗಳು, ಪದ ಮಾತ್ರ ಒಂದೇ.

ಭಾತಖಂಡೆಯವರ ಪದ್ಧತಿಯನ್ನು ಮುಂಬಯಿಯಲ್ಲಿ ಮುಂದುವರಿಸಿದವರಲ್ಲೂ ಕನ್ನಡ ನಾಡಿನವರಿದ್ದರು. ಅವರ ಶಿಷ್ಯ ಶ್ರೀಕೃಷ್ಣ ರತಂಜನಕರರ ಬಳಿ ಲಖನೌದಲ್ಲಿ ಕಲಿತ ಬೈಲಹೊಂಗಲದ ಕೆ.ಜಿ. ಗಿಂಡೆ ಸಾಯನಿನ ವಲ್ಲಭ ಸಂಗೀತಾಲಯದಲ್ಲಿ ದಶಕಗಟ್ಟಲೆ ಪಾಠ ಹೇಳಿದರು. ಬೆಂಗಳೂರಿನ ಚಿದಾನಂದ ನಗರಕರ ಭಾರತೀಯ ವಿದ್ಯಾಭವನದ ಸಂಗೀತ ಶಾಲೆಯನ್ನು ಕಟ್ಟಿದರು. ಬರಹದ ಸ್ವರಲಿಪಿಯನ್ನು ಕಂಠದಲ್ಲಿ ರಾಗವಾಗಿಸುವುದು ಹೇಗೆಂದು ತೋರಿಸಿದ ಈ ಪೀಳಿಗೆಯಿಲ್ಲದಿದ್ದರೆ ಹತ್ತು ಥಾಟ್‌ಗಳು ಪರೀಕ್ಷೆಯ ಪಟ್ಟಿಯಾಗಿಯೇ ಉಳಿಯುತ್ತಿದ್ದವು.

ಮಲಾಡಿನ ಹಾಡುಗಳು

ಮಲಾಡಿನಲ್ಲಿ ಸರಸ್ವತಿ ದೇವಿಯ ಕಷ್ಟ ಬೇರೆ ಬಗೆಯದು. ಹಾಡಬೇಕಾದವರು ದೇವಿಕಾ ರಾಣಿ ಮತ್ತು ಅಶೋಕ್ ಕುಮಾರ್. ಇಬ್ಬರೂ ಗಾಯಕರಲ್ಲ. ಪರದೆಯ ಮೇಲಿನ ನಟರೇ ಹಾಡಬೇಕಿದ್ದ ಕಾಲ. ಧ್ರುಪದ, ಧಮಾರ್ ಕಲಿತವರು ಕೆಲವೇ ಸ್ವರಗಳೊಳಗೆ ನಡೆಯುವ, ಯಾರ ಗಂಟಲಿಗೂ ನಿಲುಕುವ ಧಾಟಿಗಳನ್ನು ಕಟ್ಟಬೇಕಾಯಿತು. 1936ರ ‘ಅಛೂತ್ ಕನ್ಯಾ’ದ ಹಾಡುಗಳು ದೇಶದ ಬಾಯಲ್ಲಿ ಕುಣಿದದ್ದು ಆ ಸರಳತೆಯಿಂದ. ಭಾತಖಂಡೆ ತೀರಿಕೊಂಡದ್ದೂ ಅದೇ ವರ್ಷ, ಸೆಪ್ಟೆಂಬರಿನಲ್ಲಿ.

ಸಿನಿಮಾ ವಾದ್ಯವೃಂದ ಬೆಳೆದಂತೆ ಮೇಜರ್ ಸ್ಕೇಲಿನ ಪ್ರಶ್ನೆ ಕಾಗದದಿಂದ ಇಳಿದು ಕೆಲಸದ ಕಷ್ಟವಾಯಿತು. ಪಿಯಾನೋ, ಪಿಟೀಲು, ಗಿಟಾರುಗಳ ಜೊತೆ ಕಾರ್ಡ್‌ಗಳು ಬಂದವು. ಕಾರ್ಡ್ ಎಂದರೆ ಮೂರು ನಾಲ್ಕು ಸ್ವರಗಳ ಗೊಂಚಲು. ಪ್ರತಿ ಗೊಂಚಲಿಗೂ ತನ್ನದೇ ಬೇರು, ಕೇಳುಗನ ಕಿವಿಯನ್ನು ಅದು ತನ್ನ ಕಡೆ ಎಳೆಯುತ್ತದೆ. ಬಿಳಿ ಎರಡನ್ನು ಸಾ ಮಾಡಿಕೊಂಡು ಕಾಫಿಯಲ್ಲಿ ಹಾಡು ಸಾಗುತ್ತಿದೆ ಎಂದುಕೊಳ್ಳಿ. ಪಕ್ಕವಾದ್ಯದವನು ಸಾಲಿನ ಕೊನೆಗೆ ಬಿಳಿ ಒಂದರ ಮೇಜರ್ ಕಾರ್ಡ್ ಹಿಡಿದು ನಿಂತರೆ ಹಾಡಿನ ಕೋಮಲ ನಿಷಾದವೇ ಸಾ ಆಗಿಬಿಡುತ್ತದೆ. ಒಂದು ಸ್ವರವೂ ತಪ್ಪಿಲ್ಲ, ಆದರೂ ಕಾಫಿ ಕರಗಿ ಬಿಲಾವಲ್ ಬಂದು ಕೂತಿರುತ್ತದೆ. ಮೋಡ್‌ಗಳೆಲ್ಲ ಮೇಜರ್ ಸ್ಕೇಲಿನವೇ ಎಂಬ ಮಾತು ನಿಜವಾಗುವುದು ಹೀಗೆ, ಸಾ ಸಡಿಲವಾದಾಗ. ಮುಂಬಯಿಯ ಒಳ್ಳೆಯ ಸಂಯೋಜಕರು, ಸೆಬಾಸ್ಟಿಯನ್ ಡಿಸೋಜಾ ಅವರಂಥ ಗೋವೆಯವರೂ ಸೇರಿ, ಕಲಿಯಬೇಕಾದ ಮೊದಲ ಎಚ್ಚರ ಇದು. ಕಾರ್ಡು ಎಲ್ಲೇ ಅಲೆದರೂ ಹಾಡಿನ ಸಾ ಮನೆ ಬಿಡಬಾರದು.

1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ನಿಷೇಧ ಹಾಕಿತು. ಸುಮಾರು ಮೂರು ದಶಕ ಅದು ನಡೆಯಿತು. ವಾದ್ಯವನ್ನು ಹೊರಗಿಟ್ಟರೂ ಅದು ಕಲಿಸಿದ ಲೆಕ್ಕ ಒಳಗೇ ಉಳಿಯಿತು. ಬಾಂಬೆ ಟಾಕೀಸ್ 1954ರಲ್ಲಿ ಮುಚ್ಚಿತು. ಸ್ಟುಡಿಯೋ ಇದ್ದ ಜಾಗದಲ್ಲಿ ಸಣ್ಣ ಕಾರ್ಖಾನೆಗಳ ಶೆಡ್ಡುಗಳೆದ್ದವು. ಸರಸ್ವತಿ ದೇವಿ 1980ರಲ್ಲಿ ತೀರಿಕೊಂಡರು.

ವರ್ತುಲದ ಹೊರಗೊಂದು ಥಾಟ್

ಸಾವನ್ನು ಅಲುಗಿಸದೆಯೂ ಈ ನೆಂಟಸ್ತಿಕೆಯನ್ನು ಹೇಳಲು ಒಂದು ದಾರಿಯಿದೆ. ನಜೀರ್ ಜೈರಾಜ್‌ಭಾಯಿ 1971ರಲ್ಲಿ ಪ್ರಕಟಿಸಿದ ಉತ್ತರ ಭಾರತದ ರಾಗಗಳ ಅಧ್ಯಯನದಲ್ಲಿ ಥಾಟ್‌ಗಳನ್ನು ವರ್ತುಲವಾಗಿ ಜೋಡಿಸಿದರು. ಕಲ್ಯಾಣಿನ ತೀವ್ರ ಮ ಇಳಿದರೆ ಬಿಲಾವಲ್. ಅದರ ನಿ ಇಳಿದರೆ ಖಮಾಜ್, ಗ ಇಳಿದರೆ ಕಾಫಿ, ದ ಇಳಿದರೆ ಆಸಾವರಿ, ರಿ ಇಳಿದರೆ ಭೈರವಿ. ಹೆಜ್ಜೆಗೊಂದೇ ಸ್ವರ. ವರ್ತುಲದ ಇನ್ನೊಂದು ಬದಿಯಲ್ಲಿ ತೋಡಿಯ ಗ ಏರಿದರೆ ಪೂರ್ವಿ, ದ ಏರಿದರೆ ಮಾರ್ವಾ, ರಿ ಏರಿದರೆ ಮತ್ತೆ ಕಲ್ಯಾಣ್. ಭೈರವಿಗೂ ತೋಡಿಗೂ ನಡುವೆ ಮಾತ್ರ ಒಂದು ಮೆಟ್ಟಿಲು ಬಿಟ್ಟುಹೋಗಿದೆ. ವೆಂಕಟಮಖಿಯ ಲೆಕ್ಕದಲ್ಲಿ ಆ ಜಾಗಕ್ಕೂ ಒಂದು ಮೇಳವಿದೆ, 44ನೆಯ ಭವಪ್ರಿಯ. ಈ ನೋಟದಲ್ಲಿ ಬಿಲಾವಲ್ ಯಾರ ತಾಯಿಯೂ ಅಲ್ಲ. ಅಕ್ಕಪಕ್ಕದವರ ನಡುವೆ ಒಂದು ಮನೆ, ಅಷ್ಟೆ.

ಈ ವರ್ತುಲದ ಸಾಲಿನಲ್ಲಿ ಜಾಗ ಸಿಗದೆ ಉಳಿಯುವ ಥಾಟ್ ಒಂದೇ, ಭೈರವ್. ಪೂರ್ವಿಯ ಮ ಇಳಿಸಿದರೆ ಅದು ಸಿಗುತ್ತದೆ, ಆದರೆ ವರ್ತುಲದ ದಾರಿ ಅಲ್ಲಿಗೆ ಹೋಗುವುದಿಲ್ಲ. ಬಿಳಿ ಮನೆಗಳನ್ನು ಎಷ್ಟು ತಿರುಗಿಸಿದರೂ ಸಿಗದ ಸ್ವರಸಾಲು ಅದು. ದಕ್ಷಿಣದಲ್ಲಿ ಅದರ ಹೆಸರು ಮಾಯಾಮಾಳವಗೌಳ. ಪುರಂದರದಾಸರು ಹಾಕಿಕೊಟ್ಟದ್ದೆಂದು ಪರಂಪರೆ ನಂಬುವ ಸರಳೆ, ಜಂಟಿಗಳನ್ನು ಕರ್ನಾಟಕ ಸಂಗೀತದ ಮಕ್ಕಳು ಕಲಿಯುವುದು ಇದರಲ್ಲೇ. ಬಿಲಾವಲಿನಿಂದ ಪಾಠ ಶುರುಮಾಡಿದ ಮುಂಬಯಿಯ ಮಗುವಿಗೆ ಭೈರವದ ರಿ, ದ ‘ಇಳಿದ’ ಸ್ವರಗಳು. ಮಾಯಾಮಾಳವಗೌಳದಿಂದ ಶುರುಮಾಡಿದ ಮೈಸೂರಿನ ಮಗುವಿಗೆ ಅವೇ ಶುದ್ಧ. ಶಂಕರಾಭರಣಕ್ಕೆ ಬಂದಾಗ ಅದು ರಿಯನ್ನೂ ದವನ್ನೂ ‘ಏರಿಸಲು’ ಕಲಿಯುತ್ತದೆ. ಸ್ವರಗಳು ಇದ್ದಲ್ಲೇ ಇವೆ. ಇಬ್ಬರು ಮಕ್ಕಳೂ ಹಿಡಿದು ನಿಂತಿರುವುದು ಒಂದೇ ಸಾವನ್ನು.